ಸ್ಪಷ್ಟನೆ: ಮೋಟೌನ್ ಪಿಯಾನೊ ಮಾರಾಟವಾಗಿಲ್ಲ, ಅದು ಅಪ್‌ರೈಟ್ ಕೂಡ ಅಲ್ಲ

‘ಡೆಟ್ರಾಯಿಟ್‌ನ ಮೋಟೌನ್ ಮ್ಯೂಸಿಯಂನಲ್ಲಿದ್ದ ಹಳೇ ಅಪ್‌ರೈಟ್ ಪಿಯಾನೊವನ್ನು ಪಾಲ್ ಮ್ಯಾಕಾರ್ಟ್ನಿ ಕೊಂಡು ಇಂಗ್ಲೆಂಡಿಗೆ ಒಯ್ದರು, ಮೋಟೌನ್‌ನ ಎಲ್ಲ ಹಾಡುಗಳೂ ಅದರಲ್ಲೇ ಹುಟ್ಟಿದವು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಮೂರೂ ಮಾತು ತಪ್ಪು. (ಮೋಟೌನ್ ಎಂದರೆ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಅಮೆರಿಕದ ಸಂಗೀತ ರೆಕಾರ್ಡಿಂಗ್ ಕಂಪನಿ. ಮ್ಯಾಕಾರ್ಟ್ನಿ ಬೀಟಲ್ಸ್ ತಂಡದ ಗಾಯಕ.)

ಅದು ಸ್ಟೈನ್‌ವೇ ಕಂಪನಿಯ 1877ರ ಗ್ರ್ಯಾಂಡ್ ಪಿಯಾನೊ, ಉದ್ದ ಸುಮಾರು 9 ಅಡಿ. ಅಪ್‌ರೈಟ್‌ನಲ್ಲಿ ತಂತಿಗಳು ನೆಟ್ಟಗೆ ನಿಂತಿರುತ್ತವೆ. ಗ್ರ್ಯಾಂಡ್‌ನಲ್ಲಿ ನೆಲಕ್ಕೆ ಸಮನಾಗಿ ಮಲಗಿರುತ್ತವೆ. ಕೀ ಒತ್ತಿದಾಗ ಸುತ್ತಿಗೆ ಕೆಳಗಿನಿಂದ ತಂತಿಗೆ ಬಡಿದು ತನ್ನ ಭಾರಕ್ಕೇ ಇಳಿಯುತ್ತದೆ. ಕೋಲು ಕೊಟ್ಟು ಎತ್ತಿ ನಿಲ್ಲಿಸಿದ ಮುಚ್ಚಳವೇ ಸುಲಭದ ಗುರುತು.

ಡೆಟ್ರಾಯಿಟ್‌ನದೇ ಇನ್ನೊಂದು ರೆಕಾರ್ಡಿಂಗ್ ಸ್ಟುಡಿಯೊ ಗೋಲ್ಡನ್ ವರ್ಲ್ಡ್ ಜತೆಗೆ ಇದು ಮೋಟೌನ್ ಕೈಸೇರಿದ್ದು 1967ರಲ್ಲಿ. ಅದಕ್ಕೂ ಮುಂಚೆ ಮೋಟೌನ್ ಮುದ್ರಿಸಿದ ಹಾಡುಗಳಿಗೆ ಇದನ್ನು ಗಂಟುಹಾಕುವುದು ಸರಿಯಲ್ಲ.

2011ರಲ್ಲಿ ಮ್ಯಾಕಾರ್ಟ್ನಿ ಮ್ಯೂಸಿಯಂಗೆ ಬಂದಾಗ ಪಿಯಾನೊ ನುಡಿಸುವ ಸ್ಥಿತಿಯಲ್ಲಿರಲಿಲ್ಲ. ಅವರು ದುರಸ್ತಿಯ ಖರ್ಚು ಹೊತ್ತರು, ಅಷ್ಟೇ. ನ್ಯೂಯಾರ್ಕ್‌ನಲ್ಲಿ ಸ್ಟೈನ್‌ವೇ ಕಂಪನಿಯೇ ಸರಿಪಡಿಸಿತು. 2012ರ ಸೆಪ್ಟೆಂಬರ್‌ನಲ್ಲಿ ಮ್ಯಾಕಾರ್ಟ್ನಿ ಮತ್ತು ಮೋಟೌನ್ ಸ್ಥಾಪಕ ಬೆರಿ ಗೋರ್ಡಿ ಅದನ್ನು ನುಡಿಸಿದರು. ಆಮೇಲೆ ಅದು ಮ್ಯೂಸಿಯಂಗೇ ಮರಳಿತು.

‘ಬರೀ ಶ್ರುತಿ ಮಾಡಿದ್ದರೆ ಸಾಲದಿತ್ತೇ?’ ಎಂದೂ ಕೆಲವರು ಕೇಳುತ್ತಿದ್ದಾರೆ. ಇಷ್ಟು ಹಳೆಯ ಪಿಯಾನೊಗಳಲ್ಲಿ ಸಾಮಾನ್ಯವಾಗಿ ಕೈಕೊಡುವುದು ಪಿನ್‌ಬ್ಲಾಕ್, ಅಂದರೆ ತಂತಿ ಸುತ್ತಿರುವ 200ಕ್ಕೂ ಹೆಚ್ಚು ಶ್ರುತಿಪಿನ್‌ಗಳನ್ನು ಬಿಗಿಯಾಗಿ ಹಿಡಿದಿರುವ ಮರದ ದಪ್ಪ ಹಲಗೆ. ಮರ ಒಣಗಿ ಸೀಳಿದರೆ ತೂತು ಸಡಿಲವಾಗುತ್ತದೆ, ತಂತಿಯ ಎಳೆತಕ್ಕೆ ಪಿನ್ ಹಿಂದಕ್ಕೆ ತಿರುಗುತ್ತದೆ. ಬೆಳಿಗ್ಗೆ ಕೂಡಿಸಿದ ಶ್ರುತಿ ಸಂಜೆಗೆ ಇಳಿದಿರುತ್ತದೆ.

ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.