ಸ್ಪಷ್ಟನೆ: ರೈತರು ಗಿಡ ನೆಡೋದು ಬರೀ ಸಹಾಯಧನಕ್ಕಲ್ಲ

‘ಸಣ್ಣ ರೈತರು ಮರ ಬೆಳೆಸೋದು ಸರ್ಕಾರದ ದುಡ್ಡಿಗಾಗಿ ಮಾತ್ರ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಲ್ಲಿ ಶುರುವಾಯಿತು. ಅದರಲ್ಲಿ ಸುಮ್ನೆ ಗಿಡ ನೆಟ್ಟ ಮಾತ್ರಕ್ಕೆ ಹಣ ಸಿಗುವುದಿಲ್ಲ. ಬದುಕುಳಿದ ಗಿಡಕ್ಕೆ ಮಾತ್ರ, ಅದೂ ಮೂರು ವರ್ಷಗಳಲ್ಲಿ ಕಂತಿನಂತೆ. ಆರಂಭದಲ್ಲಿ ಗಿಡವೊಂದಕ್ಕೆ ಒಟ್ಟು 45 ರೂಪಾಯಿ ಇತ್ತು, ಆಮೇಲೆ 100, ನಂತರ 125 ಆಯಿತು. ಗುಂಡಿ ತೋಡಿ, ಬೇಸಿಗೆಯಲ್ಲಿ ನೀರು ಹೊತ್ತು, ಮೇಕೆಗಳಿಂದ ಕಾಯುವ ಕೆಲಸಕ್ಕೆ ಈ ಹಣ ಸಾಲುತ್ತದಾ?

ನಿಜವಾದ ಕಾರಣ ಹೊಲದಲ್ಲೇ ಇದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಸಿಲ್ವರ್ ಓಕ್ ನೆರಳು ಕೊಡುತ್ತದೆ, ಮೆಣಸಿನ ಬಳ್ಳಿ ಹಬ್ಬಲು ಆಸರೆಯಾಗುತ್ತದೆ. ಕೊನೆಗೆ ಮರವೇ ಮಾರಾಟಕ್ಕೆ ಬರುತ್ತದೆ. ಬಯಲುಸೀಮೆಯಲ್ಲಿ ಬದುವಿನ ಹೊಂಗೆ, ಗ್ಲಿರಿಸಿಡಿಯಾ ಹಸಿರೆಲೆ ಗೊಬ್ಬರಕ್ಕೆ. ಹೆಬ್ಬೇವು ಪ್ಲೈವುಡ್ ಕಾರ್ಖಾನೆಗೆ ಹೋಗುತ್ತದೆ. ಕೂಲಿಯಾಳು ಸಿಗದ ಮನೆಗಳಲ್ಲಿ ರಾಗಿಗಿಂತ ಮರಕ್ಕೆ ಕೆಲಸ ಕಡಿಮೆ, ಅದೂ ಒಂದು ದೊಡ್ಡ ಕಾರಣ. ಮಳೆ ಕೈಕೊಟ್ಟ ವರ್ಷವೂ ಬದುವಿನ ಮರ ನಿಂತಿರುತ್ತದೆ, ಅಲ್ವಾ? ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಅದೇ ಆಗುತ್ತದೆ.

ಸಹಾಯಧನ ಕೈ ಹಿಡಿಯುತ್ತದೆ, ನಿಜ. ಆದರೆ ಮರ ಉಳಿಸುವವರು ರೈತರೇ. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.