ಹದಿನಾರು ಸೇರಿನ ಲೆಕ್ಕ

ಯಾವುದೋ ಆಫೀಸಿನಲ್ಲಿ ದುಡಿದು ಸುಸ್ತಾದ ಕಂಪ್ಯೂಟರ್ ಒಂದು ಅಗ್ಗಕ್ಕೆ ಸಿಕ್ಕಿತು. ನಾಲ್ಕು ಟೆರಾಬೈಟಿನ (ಟಿಬಿ) ನಾಲ್ಕು ಹಾರ್ಡ್ ಡಿಸ್ಕ್ ಕೂರಿಸಿ ಮನೆಯಲ್ಲೇ ಸರ್ವರ್ ಮಾಡಿದೆ. ಒಳಗೆ ಪ್ರಾಕ್ಸ್‌ಮಾಕ್ಸ್, ಒಂದು ಕಂಪ್ಯೂಟರನ್ನು ಹಲವು ಕಂಪ್ಯೂಟರ್‌ಗಳ ಹಾಗೆ ನಡೆಸುವ ತಂತ್ರಾಂಶ. ಒಂದೇ ಡಬ್ಬಿಯಲ್ಲಿ ಮೂರು ವರ್ಚುವಲ್ ಮಷೀನು, ವಠಾರದ ಸಂಸಾರಗಳ ಹಾಗೆ. ಒಲೆ ಬೇರೆ, ಬಾವಿ ಒಂದೇ.

ಜಾಗ ಎಷ್ಟು ಸಿಕ್ಕಿತು ಅಂತ ನೋಡಿದರೆ ಹತ್ತೂವರೆ ಟಿಬಿ ಆಸುಪಾಸು. ಅವ್ವನ ಮುಂದೆ ಬಾಯಿಬಿಟ್ಟಿದ್ದೇ ತಪ್ಪಾಯಿತು.

"ಹದಿನಾರು ಸೇರು ಮಂಡಕ್ಕಿಗೆ ರೊಕ್ಕ ಕೊಟ್ಟು ಹತ್ತೂವರೆ ಸೇರು ಅಳಿಸ್ಕೊಂಡು ಬಂದಿಯೇನೋ?"

ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ ಹೋಗುತ್ತೆ, ಯಾವುದಾದರೂ ಒಂದು ಡಿಸ್ಕ್ ಸತ್ತರೂ ಉಳಿದ ಮೂರರಿಂದ ಎಲ್ಲ ವಾಪಸ್ ಕಟ್ಟಬಹುದು ಅಂದೆ. ಡಿಸ್ಕ್ ಮಾರುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಕಂಪ್ಯೂಟರ್ 1024ರ ಲೆಕ್ಕ ಹಿಡಿಯುತ್ತೆ ಅಂತಲೂ ಹೇಳಿದೆ. "ಸೇರು ಬ್ಯಾರೆ ಬ್ಯಾರೆ ಇಟ್ಟಾರ ಅನ್ನು" ಅಂದು ಒಳಗೆ ಹೋದರು. ಇದಕ್ಕಿಂತ ಚೆನ್ನಾಗಿ ನನಗೂ ವಿವರಿಸಲು ಬರಲ್ಲ.

ಮುಂದಿನ ತಲೆನೋವು ಅದನ್ನು ಇಡುವುದೆಲ್ಲಿ ಅಂತ. ನಮ್ಮ ಬಳ್ಳಾರಿಯ ಏಪ್ರಿಲ್ ಗೊತ್ತಲ್ಲ? ಅಟ್ಟದ ಮೇಲೆ ಇಟ್ಟಿದ್ದೆ, ಡಿಸ್ಕುಗಳು 56 ಡಿಗ್ರಿ ತೋರಿಸಿದವು. 60 ದಾಟಬಾರದು. ಫ್ಯಾನ್ ಬಿಚ್ಚಿದರೆ ರೆಕ್ಕೆಗೆಲ್ಲ ಅದಿರಿನ ಕೆಂಪು ಧೂಳು, ಕುಂಕುಮದ ಭರಣಿ ಮಗುಚಿದ ಹಾಗೆ. ಹಾಲಿಗೆ ತಂದರೆ ಸದ್ದಿಗೆ ಹೆಂಡತಿ ಒಪ್ಪಲಿಲ್ಲ. ಕೊನೆಗೆ ಕಡಪಾ ಕಲ್ಲಿನ ನೆಲದ ದೇವರಮನೆಯೇ ಗತಿ. ಮನೆಯಲ್ಲಿ ತಂಪಿರುವುದು ಅಲ್ಲಿ ಮಾತ್ರ. ಅವ್ವ ಒಂದೇ ಕರಾರು ಹಾಕಿದರು: ಮಡಿಯಲ್ಲಿರುವಾಗ ಮುಟ್ಟಂಗಿಲ್ಲ.

ಆಯುಧ ಪೂಜೆಯ ದಿನ ನಾನು ಬೈಕ್ ತೊಳೆಯುತ್ತಿದ್ದೆ. ಒಳಗಿಂದ ಅಣ್ಣನ ಮಗ ಕೂಗಿದ, "ಕಾಕಾ, ನೆಟ್ ಹೋಯ್ತು!" ಹೋಗದೆ ಏನು? ಜಾಹೀರಾತು ತಡೆಯಲಿ ಅಂತ ಮನೆಯ ಡಿಎನ್‌ಎಸ್, ಅಂದರೆ ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಕೆಲಸವನ್ನೂ ಅದೇ ಡಬ್ಬಿಯ ಒಂದು ವರ್ಚುವಲ್ ಮಷೀನಿಗೆ ವಹಿಸಿದ್ದೆ. ಅದು ಮಲಗಿದರೆ ಯಾವ ಫೋನಿಗೂ ಯಾವ ವೆಬ್‌ಸೈಟಿನ ವಿಳಾಸವೂ ಸಿಗಲ್ಲ.

ಓಡಿಹೋದೆ. ಪ್ಲಗ್ ಕಿತ್ತಿತ್ತು. "ಪೂಜಿ ದಿನ ಯಂತ್ರ ನಡಸ್ತಾರೇನು?" ಅಂದರು ಅವ್ವ. ಯುಪಿಎಸ್ ತಂದಿದ್ದು ಕರೆಂಟಿಗೆ ಹೆದರಿ, ಇವರು ಯುಪಿಎಸ್‌ನಿಂದಲೇ ಎಳೆದಿದ್ದರು. ಪಕ್ಕದ ಮುಚ್ಚಳ ತೆಗೆದು ಒದ್ದೆ ಬಟ್ಟೆಯಲ್ಲಿ ಒಳಗೆಲ್ಲ ಒರೆಸಿಯೂ ಆಗಿತ್ತು.

ಒಳಗೆ ಪೂರ್ತಿ ಒಣಗಲಿ ಅಂತ ಸಂಜೆವರೆಗೆ ಕಾದು ಆನ್ ಮಾಡಿದೆ. ಡಿಸ್ಕುಗಳನ್ನು ನೋಡಿಕೊಳ್ಳುವ ಝಡ್‌ಎಫ್‌ಎಸ್ ತಂತ್ರಾಂಶ 'ಡಿಗ್ರೇಡೆಡ್' ಅಂದಿತು. ಒಂದು ಡಿಸ್ಕ್ ನಾಪತ್ತೆ. ಯಾವುದು ಅಂತ ಸೀರಿಯಲ್ ನಂಬರ್ ಸಮೇತ ಹೇಳುತ್ತೆ, ಪುಣ್ಯಾತ್ಮ. ಆದರೆ ನಾಲ್ಕೂ ಡಿಸ್ಕಿನ ಲೇಬಲ್ ಮೇಲೆ, ಸರಿಯಾಗಿ ಆ ನಂಬರ್ ಇರುವ ಕಡೆಯೇ, ಮೂರು ಬೆರಳ ವಿಭೂತಿ, ನಡುವೆ ಕುಂಕುಮ.

"ಒರಸಬ್ಯಾಡ" ಅಂದರು ಅವ್ವ ಬಾಗಿಲಲ್ಲೇ ನಿಂತು.

ಅಣ್ಣನ ಮಗನ ಕೈಗೆ ಟಾರ್ಚ್ ಕೊಟ್ಟೆ. ಅವನು ವಿಭೂತಿ ಗೆರೆಗಳ ಸಂದಿಯಲ್ಲಿ ಇಣುಕಿ ಓದಿದ. "ಕಾಕಾ, ಇದು ಮೂರೋ ಎಂಟೋ?" ಎಂಟೇ ಆಗಿತ್ತು. ಒರೆಸುವಾಗ ಅದರ ಕೇಬಲ್ ಸಡಿಲಾಗಿತ್ತು, ಅಷ್ಟೇ. ಒತ್ತಿದೆ. ಐದು ನಿಮಿಷದಲ್ಲಿ ಬಾಕಿ ಇದ್ದಷ್ಟನ್ನು ಬರೆದುಕೊಂಡು ಡಿಸ್ಕ್ ಮತ್ತೆ ಸಾಲಿಗೆ ಸೇರಿತು.

ಅವ್ವ ಡಬ್ಬಿಯ ಮುಂದೆ ಒಂದು ನಿಂಬೆಹಣ್ಣು ಇಟ್ಟು ಹೋದರು. ಫ್ಯಾನಿನ ಗಾಳಿಗೆ ಒಂದು ವಾರದಲ್ಲಿ ಒಣಗಿ ಗೋಲಿಯಾಯಿತು. ಇನ್ನೂ ಅಲ್ಲೇ ಇದೆ, ತೆಗೆಯೋ ಧೈರ್ಯ ನನಗಿಲ್ಲ.