ಕಾಲುಚೀಲದೊಳಗೆ ಕಸ್ಟರ್ಡ್

ನಮ್ಮ ಬಳ್ಳಾರಿಯಲ್ಲಿ ಬೇಸಿಗೆ ಬಂತಂದ್ರೆ ರಾತ್ರಿ ಮನೆಯೊಳಗೆ ಮಲಗೋ ಮಾತೇ ಇಲ್ಲ. ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತಬೇಕು. ನಾನು ಚಿಕ್ಕವನಿದ್ದಾಗ ಹಾಸಿಗೆ ಜೊತೆ ರೇಡಿಯೋನೂ ಮೇಲೆ ಬರುತ್ತಿತ್ತು. ವಿವಿಧ ಭಾರತಿಯಲ್ಲಿ ‘ಹವಾ ಮಹಲ್’, ಹದಿನೈದು ನಿಮಿಷದ ನಾಟಕ. ಹಿಂದಿ ನನಗೆ ಅರ್ಧಂಬರ್ಧ. ಆದರೂ ಬಾಗಿಲು ಕಿರ್ ಅಂದ ತಕ್ಷಣ ಗಂಡ ಸಿಕ್ಕಿಬಿದ್ದ ಅಂತ ಗೊತ್ತಾಗಿ ನಗುತ್ತಿದ್ದೆ.

ರೇಡಿಯೋ ಹಾಸ್ಯ ಅಂದರೆ ಮಾತಿನ ಹಾಸ್ಯ ಅಂತಾರೆ. ನಾನು ಒಪ್ಪಲ್ಲ. ಅದು ಸದ್ದಿನ ಹಾಸ್ಯ.

ಮೊನ್ನೆ ಮಗಳು ಫೋನಲ್ಲಿ ಬಿಬಿಸಿ ರೇಡಿಯೋದ ಹಳೇ ಹಾಸ್ಯ ಕಾರ್ಯಕ್ರಮ ‘ದಿ ಗೂನ್ ಶೋ’ ಹಾಕಿಕೊಟ್ಟಳು. 1951ರಿಂದ 1960ರವರೆಗೆ ಬಂದದ್ದು. ಅದರಲ್ಲಿ ನಟಿಸಿದವರು ಪೀಟರ್ ಸೆಲರ್ಸ್, ಹ್ಯಾರಿ ಸೀಕಮ್, ಸ್ಪೈಕ್ ಮಿಲಿಗನ್. ಬರೆಯುವ ಕೆಲಸ ಹೆಚ್ಚಾಗಿ ಮಿಲಿಗನ್‌ದು. ಈತ ಹುಟ್ಟಿದ್ದು 1918ರಲ್ಲಿ, ನಮ್ಮ ಪಕ್ಕದ ಮಹಾರಾಷ್ಟ್ರದ ಅಹಮದ್‌ನಗರದಲ್ಲಿ! ಅಪ್ಪ ಬ್ರಿಟಿಷ್ ಸೈನ್ಯದಲ್ಲಿದ್ದ.

ಈತನಿಗೆ ಒಮ್ಮೆ ಕಸ್ಟರ್ಡ್ ತುಂಬಿದ ಕಾಲುಚೀಲ ಬಡಿದ ಸದ್ದು ಬೇಕಾಯಿತಂತೆ. ಕ್ಯಾಂಟೀನಿಗೆ ಹೋಗಿ ಕಸ್ಟರ್ಡ್ ಕೇಳಿದ. ಪಾಪ, ಇವನಿಗೆ ಹೊಟ್ಟೆ ಸರಿಯಿಲ್ಲ ಅಂದುಕೊಂಡು ಅಲ್ಲಿಯ ಹೆಂಗಸು ಮುತುವರ್ಜಿಯಿಂದ ಮಾಡಿಕೊಟ್ಟಳು. ಇವನು ಅವಳೆದುರೇ ಕಾಲುಚೀಲ ಬಿಚ್ಚಿ ಅದರೊಳಗೆ ಸುರಿದುಕೊಂಡ. ಹಲಗೆಗೆ ಬಡಿದರೆ ಬೇಕಾದ ಸದ್ದೇ ಬರಲಿಲ್ಲವಂತೆ. ಎಷ್ಟು ನಿಜವೋ, ಎಷ್ಟು ಮಸಾಲೆಯೋ. ಆದರೆ ಮೇಜರ್ ಬ್ಲಡ್ನಾಕ್ ಅನ್ನೋ ಪಾತ್ರದ ಹೊಟ್ಟೆ ಗುಡುಗುಡು ಅನ್ನೋದಕ್ಕೆ ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪ್ ಅನ್ನೋ ಸದ್ದು ತಯಾರಿಸೋ ವಿಭಾಗದವರೇ ಕೂತು ಸದ್ದು ತಯಾರಿಸಿದ್ದು ನಿಜ. ಒಂದು ಹೊಟ್ಟೆಗೆ ಅಷ್ಟು ಜನ ಇಂಜಿನಿಯರುಗಳು!

ಈ ಹುಚ್ಚಾಟಕ್ಕೆ ಬೆಲೆಯೂ ಇತ್ತು. ವಾರವಾರ ಬರೆದು ಬರೆದು 1952ರ ಕೊನೆಗೆ ಮಿಲಿಗನ್ ಮನಸ್ಸು ಕೆಟ್ಟು ಆಸ್ಪತ್ರೆ ಸೇರಿದ. ‘ಸುಮ್ನೆ ಕಾಮಿಡಿ’ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುವುದು ಅದಕ್ಕೇ.

ಕೇಳುತ್ತಾ ನನಗೆ ನೆನಪಾದದ್ದು ನಮ್ಮ ಸೋದರಮಾವ. ರಂಗನಟ ಬಳ್ಳಾರಿ ರಾಘವರ ಊರು ನಮ್ಮದು, ನಾಟಕದ ಹುಚ್ಚು ಜಾಸ್ತಿ. ಮಾವನಿಗೆ ಮಾತ್ರ ಯಾವತ್ತೂ ಪಾರ್ಟು ಸಿಗಲಿಲ್ಲ. ಪರದೆ ಹಿಂದೆ ನಿಂತು ತಗಡು ಅಲ್ಲಾಡಿಸಿ ಗುಡುಗು ಬರಿಸುತ್ತಿದ್ದ. ಒಂದು ಸಲ ರಾಜ ‘ನನ್ನ ಮಾತೇ ಶಾಸನ’ ಅನ್ನುವಾಗ ತಗಡು ಕೈಜಾರಿ ಬಿತ್ತು. ಜನ ಬಿದ್ದು ಬಿದ್ದು ನಕ್ಕರು. ಕರಪತ್ರದಲ್ಲಿ ವೀಳ್ಯದೆಲೆ ಕೊಟ್ಟವರ ಹೆಸರೂ ಇರುತ್ತಿತ್ತು, ಇವನದಿರಲಿಲ್ಲ.

ಆ ತಗಡು ಈಗ ಮಾವನ ಮನೆ ಹಿತ್ತಲಲ್ಲಿ, ನೀರೊಲೆಗೆ ಗಾಳಿ ಬಡಿಯದ ಹಾಗೆ ಅಡ್ಡ ನಿಂತಿದೆ. ಹೋದಾಗಲೆಲ್ಲ ಒಂದು ಸಲ ಅಲ್ಲಾಡಿಸಿ ಬರುತ್ತೇನೆ. ಒಳಗಿಂದ ಅತ್ತೆ ಕೂಗುತ್ತಾಳೆ, ‘ಮಳೀ ಬಂತೇನೋ, ಹಪ್ಪಳ ಒಳಗ ತಾ!’